ಕುಂಚಿಗಿ ಖೋಲಿ

ಬೀದರಿನ ಮಂಗಲಪೇಟೆಯ ಚರ್ಚಿನ ಹಿಂದಿನ ಓಣಿಯಲ್ಲಿ ಸುಸನ್ನಾಳ ಕುಂಚಿಗೆ ಕಾಣದ ಬಾಣಂತಿ ಕೋಣೆ ಇರಲಿಲ್ಲ. ಹಸುಗೂಸಿನ ನೆತ್ತಿ, ಕಿವಿ ಮುಚ್ಚಿ ಬೆನ್ನಿನವರೆಗೆ ಇಳಿಬೀಳುವ ಆ ಮೆತ್ತನೆಯ ಟೋಪಿಯನ್ನು ಲಿಂಗಾಯತರು ತೊಟ್ಟಿಲ ಕಾರ್ಯಕ್ಕೆ, ಮುಸಲ್ಮಾನರು ಕೂಸಿನ ಮುಡಿ ತೆಗೆಯುವ ಅಕೀಕಾಕ್ಕೆ, ಅವಳ ಮೆಥಡಿಸ್ಟ್ ಸಭೆಯವರು ದೀಕ್ಷಾಸ್ನಾನಕ್ಕೆ ಅವಳ ಹತ್ತಿರವೇ ಹೊಲಿಸಿಕೊಂಡು ಹೋಗುತ್ತಿದ್ದರು. ಹೊರಗಿನವರಿಗೆ ಅದು ಸುಸನ್ನಾಳ ಕೆಲಸ. ಮನೆಯೊಳಗೆ ಮಾತ್ರ ಅದಕ್ಕೆ ಏನೆನ್ನಬೇಕೆಂಬುದು ಇನ್ನೂ ಇತ್ಯರ್ಥವಾಗಿರಲಿಲ್ಲ. ಗಂಡ ಯಾಕೋಬ ಅದನ್ನು ಶೌಕು, ಅಂದರೆ ಬರೀ ಹವ್ಯಾಸ, ಎನ್ನುತ್ತಿದ್ದ. ಮಗ ಪ್ರಿನ್ಸ ಟೈಂಪಾಸ್ ಎನ್ನುತ್ತಿದ್ದ. ಸೊಸೆ ಫೇತ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ಹಗಲು ಪಾಳಿ ರಾತ್ರಿ ಪಾಳಿ ಎಂದು ಓಡಾಡುವ ಅವಳಿಗೆ ಏನಾದರೂ ಅನ್ನಲು ಪುರುಸೊತ್ತೇ ಇರಲಿಲ್ಲ.

ಸುಸನ್ನಾ ಊರಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಆಯಾ ಆಗಿದ್ದವಳು. ಮೊಣಕಾಲು ಕೈಕೊಟ್ಟಾಗ ಕೆಲಸ ಬಿಟ್ಟಳು. ಬಿಟ್ಟ ವರ್ಷವೇ ಔರಾದಿನಲ್ಲಿದ್ದ ಅಕ್ಕ ಎಲೀನಾಳಿಗೆ ಮೊಮ್ಮಗಳು ಹುಟ್ಟಿದಳು. ಸುಸನ್ನಾ ಹಳೆಯ ಬಿಳಿ ವಾಯಲ್ ಸೀರೆ ಕತ್ತರಿಸಿ ಆ ಕೂಸಿಗೊಂದು ಕುಂಚಿಗೆ ಹೊಲಿದಳು. ಅದನ್ನು ಕಂಡು ಔರಾದಿನ ನಾಲ್ವರು ಕೇಳಿದರು, ಬೀದರಿನ ಹತ್ತು ಮಂದಿ ಕೇಳಿದರು. ಮೊದಮೊದಲು ರೇಟು ಹೇಳಲು ಅವಳಿಗೆ ನಾಚಿಕೆ. ಬಟ್ಟೆಯ ರೊಕ್ಕ ಕೊಟ್ಟರೆ ಸಾಕು ಎನ್ನುತ್ತಿದ್ದಳು. ಆಮೇಲೆ ಆಮೇಲೆ ಕೂಲಿಯನ್ನೂ ಸೇರಿಸಿದಳು. ಎರಡನೆಯ ಮಷೀನು ಬಂತು. ಪಕ್ಕದ ಓಣಿಯ ಮಹಮೂದಾ ಬೇಗಂ ದಿನಾ ಮಧ್ಯಾಹ್ನ ಬಂದು ಕತ್ತರಿಸಿ ಕೊಡತೊಡಗಿದಳು. ರಸ್ತೆಗೆ ಮುಖ ಮಾಡಿದ ಮುಂದಿನ ಖೋಲಿಯ ಗೋಡೆಗಳ ತುಂಬ ಹಗ್ಗ ಕಟ್ಟಿ, ತೊಳೆದ ಬಟ್ಟೆಗಳನ್ನು ಹರವಿದ್ದರು. ಸಂಜೆ ಆರಕ್ಕೆ ಸುಸನ್ನಾ ಮಷೀನಿಗೆ ಮುಸುಕು ಹಾಕಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಹೀಗೆ ಆರು ವರ್ಷ ಕಳೆದವು.

ಹೋದ ವರ್ಷ ಫೆಬ್ರುವರಿಯ ಒಂದು ರವಿವಾರ ಆರಾಧನೆ ಮುಗಿಸಿ ಬಂದು ಎಲ್ಲರೂ ಊಟಕ್ಕೆ ಕುಳಿತಿದ್ದರು. ಮಟನ್ ಸಾರು, ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ. ಪ್ರಿನ್ಸ ಎಲುಬು ಚೀಪುತ್ತ ತಂದೆಗೆ ಸುದ್ದಿ ಹೇಳಿದ. ಮುಂದಿನ ಖೋಲಿಗೆ ಗಿರಾಕಿ ಸಿಕ್ಕಿದ್ದ. ಶಿವಕಾಂತ ಎನ್ನುವವನು ಮೊಬೈಲ್ ರಿಪೇರಿ ಅಂಗಡಿ ಇಡುತ್ತಾನೆ, ತಿಂಗಳಿಗೆ ನಾಲ್ಕು ಸಾವಿರ ಕೊಡುತ್ತಾನೆ, ಮಾರ್ಚಿ ಒಂದಕ್ಕೆ ಬರುತ್ತಾನೆ.

ಸಾರಿನ ಪಾತ್ರೆ ಹಿಡಿದು ನಿಂತಿದ್ದ ಸುಸನ್ನಾ, ಯಾವ ಖೋಲಿ ಎಂದು ಕೇಳಿದಳು. ಆ ಮನೆಯಲ್ಲಿ ರಸ್ತೆಗೆ ಮುಖ ಮಾಡಿದ ಖೋಲಿ ಇದ್ದದ್ದು ಒಂದೇ.

"ನಿನ್ನ ಮಷೀನು ಮ್ಯಾಲ ತಗಡಿನ ಖೋಲ್ಯಾಗ ಇಟ್ರಾಯ್ತು ಮಮ್ಮಿ," ಎಂದ ಪ್ರಿನ್ಸ. "ಗಾಳಿ ಛಲೋ ಬರ್ತದ."

ಮಾರ್ಚಿನಲ್ಲಿ ಆ ತಗಡಿನ ಕೆಳಗೆ ಹಪ್ಪಳವೂ ಎರಡು ತಾಸಿನಲ್ಲಿ ಒಣಗುತ್ತಿತ್ತು. ಸುಸನ್ನಾ ಅದನ್ನು ಹೇಳಲಿಲ್ಲ. ಭಾಲ್ಕಿಯಿಂದ ದೊಡ್ಡ ಆರ್ಡರ್ ಬರುವ ಮಾತಿದೆ, ಈಗ ಜಾಗ ಬದಲಿಸಲು ಆಗುವುದಿಲ್ಲ ಎಂದಳು. ಆ ಮಾತು ನಿಜವೇ ಆಗಿತ್ತು. ಭಾಲ್ಕಿಯ ಬಟ್ಟೆ ವ್ಯಾಪಾರಿ ಮನ್ಮಥಪ್ಪ ನೆಂಟರ ಮನೆಯ ತೊಟ್ಟಿಲ ಕಾರ್ಯದಲ್ಲಿ ಅವಳ ಕುಂಚಿಗೆ ನೋಡಿದ್ದ. ಅಲ್ಲಿನ ಹೆರಿಗೆ ಆಸ್ಪತ್ರೆಯೊಂದು ಹುಟ್ಟಿದ ಪ್ರತಿ ಕೂಸಿಗೂ ಒಂದು ಕುಂಚಿಗೆ, ಎರಡು ಅಂಗಿಯ ಜೋಡಿ ಕೊಡಬೇಕೆಂದಿತ್ತು. ಒಟ್ಟು ಇನ್ನೂರು ಜೋಡಿ. ಆ ಗುತ್ತಿಗೆ ಮನ್ಮಥಪ್ಪನಿಗೆ ಸಿಕ್ಕಿತ್ತು. ಫೋನ್ ಮಾಡುತ್ತೇನೆ ಎಂದಿದ್ದ.

"ಶೌಕಿಗಿ ಎಲ್ಲಿ ಆರ್ಡರ್ ಬರ್ತದ ಸುಸನ್ನಾ," ಎಂದು ಯಾಕೋಬ ನಕ್ಕ. ಶಾಲೆಯ ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದವನು ಅವನು. ಕಾಗದದ ಮೇಲೆ ಇಲ್ಲದ್ದು ಅವನ ಮಟ್ಟಿಗೆ ಜಗತ್ತಿನಲ್ಲೇ ಇರಲಿಲ್ಲ. "ಖೋಲಿ ಖಾಲಿ ಮಾಡು. ಕಿರಾಯಾ ಅಂದ್ರ ಗ್ಯಾರಂಟಿ ರೊಕ್ಕ."

ಸುಸನ್ನಾ ಅವನ ತಾಟಿಗೆ ಇನ್ನೊಂದು ಸೌಟು ಸಾರು ಹಾಕಿ ಒಳಗೆ ಹೋದಳು.

ಒಂದು ವಾರ ಕಾದಳು. ಭಾಲ್ಕಿಯ ಫೋನ್ ಬರಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ರೊಟ್ಟಿ, ಪುಂಡಿ ಪಲ್ಯ ಮಾಡಿಟ್ಟು, ಎರಡು ಜೋಡಿ ಮಾದರಿಗಳನ್ನು ಚೀಲಕ್ಕೆ ಹಾಕಿಕೊಂಡು ಒಬ್ಬಳೇ ಭಾಲ್ಕಿಯ ರೈಲು ಹತ್ತಿದಳು.

ಮನ್ಮಥಪ್ಪ ಗಲ್ಲೆಯ ಹಿಂದೆ ವಿಭೂತಿ ಹಚ್ಚಿಕೊಂಡು ಕುಳಿತಿದ್ದ. ಶರಣು ಎಂದ, ಚಹಾ ತರಿಸಿದ. ಆಮೇಲೆ ಸ್ವಲ್ಪ ಮುಜುಗರದಿಂದ ವಿಷಯಕ್ಕೆ ಬಂದ.

"ನಾ ಹೋದ ಸೋಮವಾರನೇ ಫೋನ್ ಹಚ್ಚಿದ್ದೆ ಅಕ್ಕೋರ. ನಿಮ್ಮ ಮಗಾ ಎತ್ತಿದ್ರು. ಅದು ನಮ್ಮ ಮಮ್ಮೀದು ಟೈಂಪಾಸ್ ಕೆಲಸ, ಇನ್ನೂರು ಗಿನ್ನೂರು ಆಕಿ ಕೈಲಿ ಆಗಂಗಿಲ್ಲ ಅಂದ್ರು. ನಾ ಏನ್ ಮಾಡ್ಲಿ ಹೇಳ್ರಿ, ಸೋಲಾಪುರದ ಪಾರ್ಟಿಗಿ ಹೇಳಿಬಿಟ್ಟೆ."

ಸುಸನ್ನಾ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟಳು. ಅಡ್ವಾನ್ಸ್ ಕೊಟ್ಟಿದ್ದೀರಾ ಎಂದು ಕೇಳಿದಳು. ಇನ್ನೂ ಇಲ್ಲ, ಮಾದರಿ ಮಾತ್ರ ಬಂದಿದೆ ಎಂದ. ಆ ಮಾದರಿ ತೋರಿಸುತ್ತೀರಾ ಎಂದಳು.

ಸೋಲಾಪುರದ ಕುಂಚಿಗೆ ನೋಡಲು ಚಂದವಿತ್ತು. ಗುಲಾಬಿ ಬಣ್ಣ, ಅಂಚಿಗೆ ಹೊಳೆಯುವ ಲೇಸು, ಗಲ್ಲದ ಕೆಳಗೆ ಕಟ್ಟಲು ರೇಷ್ಮೆಯಂಥ ದಾರ. ಸುಸನ್ನಾ ಅದನ್ನು ತಿರುವಿ ಹಾಕಿ ಒಳಮೈ ಮೇಲೆ ಮಾಡಿ ಗಲ್ಲೆಯ ಮೇಲೆ ಹರವಿದಳು. ಪಕ್ಕದಲ್ಲಿ ತನ್ನದನ್ನೂ ತಿರುವಿ ಹಾಕಿ ಇಟ್ಟಳು.

"ಕೈ ಆಡಿಸಿ ನೋಡ್ರಿ. ಎರಡು ದಿನದ ಕೂಸಿನ ಚರ್ಮ ಉಳ್ಳಾಗಡ್ಡಿ ಪೊರಿ ಇದ್ದಂಗ ಇರ್ತದ. ಈ ಲೇಸಿನ ಹೊಲಿಗಿ ಒಳಗ ಅದ, ಚುಚ್ತದ. ನಂದು ಹೊಲಿಗಿ ಎಲ್ಲಾ ಹೊರಗ, ಮ್ಯಾಲ ಪಟ್ಟಿ ಮುಚ್ಚೀನಿ. ಇನ್ನ ಈ ದಾರ. ಕೂಸು ಹೊಳ್ಳಾಡಿದ್ರ ಇದು ಕುತ್ತಿಗಿಗಿ ಬಿಗೀತದ. ನಾ ದಾರ ಇಡೋದೇ ಇಲ್ರಿ. ಅಗಲ ಪಟ್ಟಿ ಎದಿ ಮ್ಯಾಲಿಂದ ಬಂದು ಬಗಲಾಗ ಗಂಟು. ಇಪ್ಪತ್ತೆರಡು ವರ್ಷ ಹೆರಿಗಿ ವಾರ್ಡಿನ್ಯಾಗ ಕೂಸು ಸುತ್ತೀನಿ. ಡಾಕ್ಟರಮ್ಮಗ ಎರಡೂ ತೋರಸ್ರಿ, ಅವ್ರೇ ಹೇಳ್ಲಿ."

ಮನ್ಮಥಪ್ಪ ಎರಡರ ಮೇಲೂ ಬೆರಳಾಡಿಸಿದ. ಮತ್ತೊಮ್ಮೆ ಆಡಿಸಿದ. ರೇಟು ಕೇಳಿದ. ಸೋಲಾಪುರದವರಿಗಿಂತ ಜೋಡಿಗೆ ಮೂವತ್ತು ರೂಪಾಯಿ ಹೆಚ್ಚು ಎಂದು ಸುಸನ್ನಾ ಹೇಳಿದಳು. ಹೇಳುವಾಗ ಈ ಸಲ ಅವಳ ತಲೆ ತಗ್ಗಲಿಲ್ಲ.

ಕೊನೆಗೆ ಮಾತು ಒಂದು ಕಡೆ ನಿಂತಿತು. ಇಪ್ಪತ್ತು ದಿನದಲ್ಲಿ ಅರವತ್ತು ಜೋಡಿ ಕೊಡಬೇಕು. ಡಾಕ್ಟರಮ್ಮ ಒಪ್ಪಿದರೆ ಉಳಿದ ನೂರಾ ನಲವತ್ತೂ ಅವಳದೇ. ಇಲ್ಲದಿದ್ದರೆ ಸೋಲಾಪುರಕ್ಕೆ. "ಇನ್ನೊಂದು ಅಕ್ಕೋರ," ಎಂದ ಮನ್ಮಥಪ್ಪ. "ಆಸ್ಪತ್ರೆಯವ್ರಿಗಿ ಕಚ್ಚಾ ಚೀಟಿ ನಡಿಯಂಗಿಲ್ಲ. ಪಕ್ಕಾ ಬಿಲ್ ಬೇಕು. ದುಕಾನದ ಹೆಸರು, ನೋಂದಣಿ ನಂಬರ್, ಎಲ್ಲಾ." ಕೊಡುತ್ತೇನೆ ಎಂದಳು ಸುಸನ್ನಾ. ಹೇಗೆ ಕೊಡುವುದು ಎಂಬುದು ಅವಳಿಗೆ ಗೊತ್ತಿರಲಿಲ್ಲ.

ವಾಪಸು ರೈಲಿನಲ್ಲಿ ಹಲಬರ್ಗಾ ಬರುವವರೆಗೂ ಅವಳಿಗೆ ಮಗನ ಮೇಲೆ ಸಿಟ್ಟು. ಹಲಬರ್ಗಾ ದಾಟಿದ ಮೇಲೆ ಎಷ್ಟು ಮೀಟರ್ ಬಟ್ಟೆ ಬೇಕು ಎಂಬ ಲೆಕ್ಕ.

ಆ ಸಂಜೆ ಎಂದಿನಂತೆಯೇ ರೊಟ್ಟಿ ಮಾಡಿದಳು. ಎಲ್ಲರಿಗೂ ಬಡಿಸಿ, ತಾನೂ ತಾಟು ಹಿಡಿದು ಅವರೊಂದಿಗೇ ಕುಳಿತಳು. ಎಲ್ಲರದೂ ಆದಮೇಲೆ ಉಣ್ಣುವವಳು ಹೀಗೆ ಕುಳಿತದ್ದು ನೋಡಿಯೇ ಪ್ರಿನ್ಸನಿಗೆ ಏನೋ ಆಗಿದೆ ಅನ್ನಿಸಿತು.

"ಪ್ರಿನ್ಸ, ಭಾಲ್ಕಿ ಫೋನ್ ನೀನೇ ಎತ್ತಿದ್ದೇನು?"

ಪ್ರಿನ್ಸ ತುತ್ತು ನುಂಗಿದ. ನಿನಗೆ ತ್ರಾಸ ಆಗಬಾರದೆಂದು ಹಾಗೆ ಹೇಳಿದೆ, ಮೊಣಕಾಲು ಬೇರೆ ನೋಯುತ್ತದೆ ಎಂದ. ಅವನ ಮಾತು ಮುಗಿಯುವ ಮೊದಲೇ ಫೇತ ತಾಟಿನಿಂದ ಕೈ ತೆಗೆದಳು. ಈ ಸಂಗತಿ ಅವಳಿಗೂ ಗೊತ್ತಿರಲಿಲ್ಲ.

"ನನ್ನ ಆಸ್ಪತ್ರೆಯಿಂದ ಫೋನ್ ಬಂದ್ರ ನೀವು ಎತ್ತಿ, ಆಕಿದು ಟೈಂಪಾಸ್ ಕೆಲಸ ಅದ, ಬರಂಗಿಲ್ಲ ಅಂತ ಹೇಳ್ತೀರೇನ್ರಿ?"

"ನಿಂದು ನೌಕರಿ. ಇದು ಅದು ಒಂದೇ ಆತೇನು?"

"ಅತ್ತಿ ನನಕಿಂತ ಜಾಸ್ತಿ ತಾಸು ಕೂಡ್ತಾರ. ನಾ ಡ್ಯೂಟಿಂದ ಬಂದು ಮಲಗ್ತೀನಿ. ಅವ್ರು ಮಷೀನ್ ಬಿಟ್ಟು ಒಲಿ ಮುಂದ ಹೋಗ್ತಾರ."

ಆಮೇಲೆ ಒಂದೊಂದೇ ಹೊರಬಿತ್ತು. ಪ್ರಿನ್ಸ ಕೆಲಸ ಮಾಡುತ್ತಿದ್ದ ಕೊಳಾರದ ಗೋದಾಮಿನಲ್ಲಿ ಪಗಾರ ಎರಡು ತಿಂಗಳಿಂದ ತಡವಾಗುತ್ತಿತ್ತು. ಅವನು ಶಿವಕಾಂತನಿಂದ ಮುಂಗಡ ಇಸಿದುಕೊಂಡು ಬೈಕಿನ ಕಂತು ಕಟ್ಟಿಬಿಟ್ಟಿದ್ದ. ಹಾಗಾಗಿ ಖೋಲಿ ಖಾಲಿಯಾಗಲೇಬೇಕಿತ್ತು, ಭಾಲ್ಕಿಯ ಆರ್ಡರ್ ಬರಲೇಬಾರದಿತ್ತು. ಇದು ಯಾಕೋಬನಿಗೂ ಹೊಸ ಸುದ್ದಿ. ಅವನು ಮಗನನ್ನು ಬೈಯಲು ಬಾಯಿ ತೆರೆದ. ಸುಸನ್ನಾ ಕೈ ಎತ್ತಿ ತಡೆದಳು.

"ಆ ಮುಂಗಡ ನೀ ಇಸ್ಕೊಂಡಿ, ನೀನೇ ತೀರಸು. ಖೋಲಿ ಮಾತು ನಾ ಹೇಳ್ತೀನಿ." ಗಂಡನ ಕಡೆಗೆ ತಿರುಗಿದಳು. "ಆ ಖೋಲಿ ನಾ ಕಿರಾಯಕ್ಕ ತೊಗೋತೀನ್ರಿ."

"ಹುಚ್ಚು ಹಿಡದದೇನು? ಹೇಣ್ತಿ ಗಂಡಗ ಕಿರಾಯಾ ಕೊಟ್ಟದ್ದು ಎಲ್ಲ್ಯರ ಕೇಳಿಯೇನು?"

"ಶಿವಕಾಂತ ಕೊಟ್ರ ಗ್ಯಾರಂಟಿ ರೊಕ್ಕ, ನಾ ಕೊಟ್ರ ಹುಚ್ಚೇನ್ರಿ? ತಿಂಗಳ ಐದಕ್ಕ ನಾಲ್ಕು ಸಾವಿರ ನಿಮ್ಮ ಕೈಯಾಗ ಇಡ್ತೀನಿ. ನೀವು ಕಾಗದ ಬರದು ಕೊಡ್ರಿ. ಆದ್ರ ಒಂದು ಮಾತು. ಕಿರಾಯಾ ಕೊಡೋರಿಗಿ ಕೆಲಸದ ನಡುವ ಎದ್ದು ಬಂದು ಚಹಾ ಮಾಡು ಅನ್ನಂಗಿಲ್ಲ."

ಯಾಕೋಬ ಕೈ ತೊಳೆದುಕೊಂಡು ಎದ್ದುಹೋದ. ಮೂರು ದಿನ ಹೆಂಡತಿಯ ಹತ್ತಿರ ಮಾತಾಡಲಿಲ್ಲ. ಉಪ್ಪು ಕಡಿಮೆಯಾದರೆ ಎದ್ದು ತಾನೇ ಹಾಕಿಕೊಂಡ.

ನಾಲ್ಕನೆಯ ದಿನ ಶಿವಕಾಂತ ಅಳತೆಯ ಟೇಪು ಹಿಡಿದು ಬಂದ. ಗೋಡೆಗೆ ಕಪಾಟು ಹೊಡೆಯಬೇಕು, ಅಳತೆ ಬೇಕು ಎಂದ. ಒಳಗೆ ಮಹಮೂದಾ ಬೇಗಂ ಬಟ್ಟೆ ಕತ್ತರಿಸುತ್ತಿದ್ದಳು. ಸುಸನ್ನಾ ಅವನಿಗೆ ಕುಡಿಯಲು ನೀರು ಕೊಟ್ಟು, ಖೋಲಿ ಬೇರೆಯವರಿಗೆ ಹೋಗಿದೆ ಎಂದಳು. ಯಾರಿಗೆ ಎಂದು ಅವನು ಕೇಳಿದ. ಕುಂಚಿಗೆ ದುಕಾನಕ್ಕೆ ಎಂದಳು.

ಶಿವಕಾಂತ ಕಟ್ಟೆಯ ಮೇಲೆ ಪೇಪರ್ ಓದುತ್ತ ಕುಳಿತಿದ್ದ ಯಾಕೋಬನ ಕಡೆ ತಿರುಗಿದ. ಮನೆ ಯಾಕೋಬನ ಹೆಸರಿನಲ್ಲಿತ್ತು. ಅವನು ಇಲ್ಲವೆಂದರೆ ಆ ಕ್ಷಣವೇ ಎಲ್ಲ ಮುಗಿಯುತ್ತಿತ್ತು. ಮಹಮೂದಾ ಬೇಗಂಳ ಕತ್ತರಿ ನಿಂತಿತು. ಪೇಪರ್ ಕೆಳಗಿಳಿಯಲಿಲ್ಲ. ಅದರ ಹಿಂದಿನಿಂದ ಧ್ವನಿ ಬಂತು.

"ಹೌದು. ಕೊಟ್ಟೇವಿ. ನಿನ್ನ ಮುಂಗಡ ಪ್ರಿನ್ಸ ತಿಂಗಳೊಳಗ ಮುಟ್ಟಸ್ತಾನ."

ಆ ಸಂಜೆ ಯಾಕೋಬ ಪೇಟೆಗೆ ಹೋಗಿ ಬಾಂಡ್ ಪೇಪರ್ ತಂದ. ಮೇಜಿನ ಮುಂದೆ ಕುಳಿತು, ಮೂವತ್ತೊಂದು ವರ್ಷ ದಾಖಲಾತಿ ಪುಸ್ತಕ ಬರೆದ ದುಂಡು ಅಕ್ಷರಗಳಲ್ಲಿ, ಇಂಥವರ ಹೆಂಡತಿ ಇಂಥವಳು ಇಂಥ ಖೋಲಿಯನ್ನು ವ್ಯಾಪಾರಕ್ಕಾಗಿ ಬಾಡಿಗೆಗೆ ಪಡೆದಿರುತ್ತಾಳೆ ಎಂದು ಬರೆದು ಮುಗಿಸಿದ. ವ್ಯಾಪಾರಕ್ಕಾಗಿ ಎಂಬ ಪದದ ಹತ್ತಿರ ಪೆನ್ನು ಸ್ವಲ್ಪ ಹೊತ್ತು ನಿಂತಿತ್ತು. ಮುಗಿಸಿ, ಸುಸನ್ನಾಳ ಮುಂದೆ ಸಹಿಗೆ ಸರಿಸಿದ. ಹೊರಗಿನವನ ಮುಂದೆ ನಿನ್ನ ಮಾತು ತೆಗೆದುಹಾಕಲು ಆಗಲಿಲ್ಲ, ಅಷ್ಟೇ ಎಂದ. ಅವಳು ಸಹಿ ಮಾಡಿ, ನಾಳೆ ನನ್ನ ಜೊತೆ ಆಫೀಸಿಗೂ ಬರಬೇಕಾಗುತ್ತದೆ ಎಂದಳು.

ನೋಂದಣಿಗೆ ಎಲ್ಲಿ ಹೋಗಬೇಕೆಂದು ಫೇತ ತನ್ನ ವಾರ್ಡಿನವರನ್ನು ಕೇಳಿ ತಿಳಿದುಕೊಂಡಿದ್ದಳು. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಉಮಾಶ್ರೀ ಎಂಬ ಹುಡುಗಿ ಕಂಪ್ಯೂಟರಿನ ಮುಂದೆ ಇದ್ದಳು. ಯಾಕೋಬ ಎಲ್ಲ ಕಾಗದಗಳನ್ನು ಟ್ಯಾಗ್ ಹಾಕಿ ತಂದಿದ್ದರೂ, ಕುರ್ಚಿಯಲ್ಲಿ ಕುಳಿತೊಡನೆ ಅವನ ಹಳೆಯ ಭಯ ಬಾಯಿಗೆ ಬಂತು.

"ಇದು ಹಂಗ ನೋಡಿದ್ರ ಶೌಕು ಅದ ಮೇಡಮ್. ಮನ್ಯಾಗ ಕೂತು ಮಾಡೋದು. ನಾಳಿ ನೋಟೀಸ್ ಗೀಟೀಸ್ ಬರಬಾರ್ದು ನೋಡ್ರಿ."

ಉಮಾಶ್ರೀ ಸುಸನ್ನಾಳ ಕಡೆ ನೋಡಿದಳು. ಯಾರಾದರೂ ಕೇಳಿದ ಮೇಲೆ ಹೊಲಿಯುತ್ತೀರೋ, ಮೊದಲೇ ಹೊಲಿದು ಇಡುತ್ತೀರೋ ಎಂದು ಕೇಳಿದಳು. ಯಾವಾಗಲೂ ಇಪ್ಪತ್ತು ಜೋಡಿ ತಯಾರಿರುತ್ತವೆ ಎಂದಳು ಸುಸನ್ನಾ. ದರ ಯಾರು ಗೊತ್ತು ಮಾಡುತ್ತಾರೆ? ನಾನೇ. ಬೇರೆಯವರಿಗೆ ಕೂಲಿ ಕೊಡುತ್ತೀರಾ? ಮಹಮೂದಾಗೆ ಪ್ರತಿ ಶನಿವಾರ. ನಿಮಗೆ ಜಡ್ಡಾದರೆ ಕೆಲಸ ನಿಲ್ಲುತ್ತದೆಯೇ? ಹೋದ ಸಲ ಹತ್ತು ದಿನ ಜ್ವರದಲ್ಲಿ ಮಲಗಿದ್ದಾಗ ಮಹಮೂದಾ ನಡೆಸಿದ್ದಳು.

"ಬರೋ ವರ್ಷ ಇದಕ್ಕಿಂತ ಜಾಸ್ತಿ ಮಾಡ್ಬೇಕಂತ ಅದನ್ರಿ?"

"ಅದ್ರಿ," ಎಂದಳು ಸುಸನ್ನಾ. ಇಷ್ಟು ದಿನ ಯಾರೂ ಕೇಳದ ಪ್ರಶ್ನೆಗೆ ಉತ್ತರ ನಾಲಿಗೆಯ ಮೇಲೇ ಇತ್ತು.

ಉಮಾಶ್ರೀ ಯಾಕೋಬನ ಕಡೆ ತಿರುಗಿ ಸಣ್ಣಗೆ ನಕ್ಕಳು. "ಶೌಕು ಅಂತ ಬರಿಯೋ ಖಾನೇ ಈ ಫಾರ್ಮಿನ್ಯಾಗ ಇಲ್ರಿ ಸರ್. ಇದು ದಂಧಾನೇ. ಆಗಿ ಭಾಳ ದಿನ ಆಗ್ಯದ, ನೀವು ಬರೋದು ತಡಾ ಮಾಡೀರಿ."

ಇಷ್ಟು ಸಣ್ಣ ವ್ಯವಹಾರಕ್ಕೆ ಜಿಎಸ್‌ಟಿ ಬರುವುದಿಲ್ಲ, ಈ ನೋಂದಣಿಗೆ ಖರ್ಚೂ ಇಲ್ಲ, ಆದರೆ ಒಂದೊಂದು ಬಿಲ್ಲನ್ನೂ ಜೋಪಾನವಾಗಿಡಬೇಕು, ಖೋಲಿಗೆ ಅಂಗಡಿಯ ಮೀಟರ್ ಹಾಕಿಸಿಕೊಳ್ಳಬೇಕು ಎಂದು ವಿವರಿಸಿದಳು. ಯಾಕೋಬ ಜೇಬಿನಿಂದ ಚೀಟಿ ತೆಗೆದು ಎಲ್ಲವನ್ನೂ ಬರೆದುಕೊಂಡ. ಉದ್ಯಮದ ಹೆಸರೇನು ಎಂದು ಕೇಳಿದಾಗ ಗಂಡ ಹೆಂಡತಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅದನ್ನು ಯೋಚಿಸಿಕೊಂಡು ಬಂದಿರಲಿಲ್ಲ. "ಸುಸನ್ನಾ ಕುಂಚಿಗಿ ಅಂತ ಬರೀರಿ," ಎಂದು ಯಾಕೋಬನೇ ಹೇಳಿದ. "ಊರಾಗ ಎಲ್ಲಾರೂ ಹಂಗೇ ಅಂತಾರ."

ಇನ್ನು ಹದಿನಾಲ್ಕು ದಿನ ಉಳಿದಿದ್ದವು. ಬಟ್ಟೆಯ ಗಂಟನ್ನು ಗಾಂಧಿ ಗಂಜ್ ಪೇಟೆಯಿಂದ ಮಹಮೂದಾ ಬೇಗಂಳ ಗಂಡ ಮಕ್ಸೂದ ತನ್ನ ಗಾಡಿಯಲ್ಲಿ ಹೇರಿಕೊಂಡು ಬಂದು ಇಳಿಸಿದ. ಮಹಮೂದಾ ಬೆಳಿಗ್ಗೆಯೇ ಬರತೊಡಗಿದಳು. ಅಂಚಿನ ಕೈಹೊಲಿಗೆಯನ್ನು ಔರಾದಿನ ಎಲೀನಾ ತನ್ನ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಮಾಡುವುದೆಂದಾಯಿತು. ಸುಸನ್ನಾ ಬಸ್ಸಿನಲ್ಲಿ ಗಂಟು ಒಯ್ದು ಕೊಟ್ಟು ಬಂದಳು.

ಮನೆಯಲ್ಲಿ ಒಲೆ ಮಾತ್ರ ಯಾರದೂ ಆಗದೆ ಉಳಿಯಿತು. ಮೊದಲ ದಿನ ಫೇತ ರಾತ್ರಿ ಪಾಳಿ ಮುಗಿಸಿ ಬಂದು ಅಡುಗೆ ಮಾಡಿದಳು. ಎರಡನೆಯ ದಿನ ಪ್ರಿನ್ಸ ಹೊರಗಿನಿಂದ ಕಟ್ಟಿಸಿಕೊಂಡು ಬಂದ. ಯಾಕೋಬನಿಗೆ ಹೊಟ್ಟೆ ಉರಿ ಎದ್ದಿತು. ಮೂರನೆಯ ದಿನ ಯಾಕೋಬ ತಾನೇ ಕುಕ್ಕರಿಗೆ ಬೇಳೆ ಹಾಕಿದ. ನೀರೆಷ್ಟು ಎಂದು ಕೇಳಲು ಮುಂದಿನ ಖೋಲಿಯ ಬಾಗಿಲಿಗೆ ಬಂದ, ಬಾಡಿಗೆ ಕಾಗದದ ಮಾತು ನೆನಪಾಗಿ ಹಾಗೇ ಹಿಂದಿರುಗಿದ. ಆ ದಿನದ ಬೇಳೆ ತಳ ಹತ್ತಿತ್ತು. ಎಲ್ಲರೂ ಅದನ್ನೇ ಉಂಡರು. ಆರನೆಯ ದಿನದ ಬೇಳೆಗೆ ಪ್ರಿನ್ಸ ಎರಡನೆಯ ಸಲ ಕೈ ಚಾಚಿದ. ಹತ್ತನೆಯ ದಿನ ಯಾಕೋಬ ಮಹಮೂದಾಗೂ ಒಂದು ಬಟ್ಟಲು ಕಳಿಸಿ, ಮೆಂತ್ಯ ಹಾಕಿದ್ದು ಗೊತ್ತಾಯಿತೋ ಇಲ್ಲವೋ ಎಂದು ಕೇಳಿಸಿದ. ರೊಟ್ಟಿ ಮಾತ್ರ ಅವನಿಗೆ ಒಲಿಯಲಿಲ್ಲ. ಓಣಿಯ ಗುರಮ್ಮ ದಿನಾ ಹದಿನೈದು ರೊಟ್ಟಿ ಮಾಡಿ ಕೊಟ್ಟು ರೊಕ್ಕ ಇಸಿದುಕೊಂಡು ಹೋಗುತ್ತಿದ್ದಳು.

ಔರಾದಿನಿಂದ ಮೂವತ್ತು ಕುಂಚಿಗೆಗಳು ತಯಾರಾಗಿ ಬಂದವು. ಎಲೀನಾಳ ಕೈಕೆಳಗಿನ ಹೆಂಗಸರು ಚಂದ ಕಾಣಲೆಂದು ಬಿಳಿ ದಾರದ ಬದಲು ಕೆಂಪು ದಾರದಿಂದ ಅಂಚು ಹೊಲಿದಿದ್ದರು. ನೋಡಲು ನಿಜಕ್ಕೂ ಚಂದವಿತ್ತು. ಸುಸನ್ನಾ ಒಂದು ಕ್ಷಣ ಒಪ್ಪಿಕೊಂಡೇಬಿಟ್ಟಳು. ಡ್ಯೂಟಿಯಿಂದ ಬಂದ ಫೇತ ಅವುಗಳಲ್ಲಿ ಒಂದನ್ನು ಎತ್ತಿ ನೋಡಿ, ಬಚ್ಚಲಿಗೆ ಒಯ್ದು ಕುದಿಯುವ ನೀರಿನಲ್ಲಿ ಅದ್ದಿದಳು. ಆಸ್ಪತ್ರೆಯಲ್ಲಿ ಕೂಸಿನ ಬಟ್ಟೆ ಹಾಗೆಯೇ ತೊಳೆಯುತ್ತಾರೆ. ಬಕೆಟ್ಟಿನಿಂದ ಎತ್ತಿದಾಗ ಬಿಳಿ ಕುಂಚಿಗೆಯ ತುಂಬ ಗುಲಾಬಿ ಕಲೆ ಹರಡಿತ್ತು.

ಭಾಲ್ಕಿಗೆ ಒಯ್ಯಲು ಇನ್ನು ಎರಡೇ ದಿನ. ಸುಸನ್ನಾ ಒದ್ದೆ ಕುಂಚಿಗೆ ಹಿಡಿದುಕೊಂಡು ಮಷೀನಿನ ಮುಂದೆ ಕುಳಿತುಬಿಟ್ಟಳು. ಶೌಕಾಗಿದ್ದರೆ ಅಲ್ಲಿಗೆ ಕೈಬಿಡಬಹುದಿತ್ತು. ಯಾರೂ ಏನೂ ಕೇಳುತ್ತಿರಲಿಲ್ಲ.

ಪ್ರಿನ್ಸ ಬೈಕಿನ ಕೀಲಿ ತೆಗೆದುಕೊಂಡ. "ನಾ ಔರಾದಿಗಿ ಹೋಗಿ ದೊಡ್ಡವ್ವಗ ಕರ್ಕೊಂಡು ಬರ್ತೀನಿ. ಇಲ್ಲೇ ಕೂತು ಬಿಚ್ಚಿ ಹೊಲದ್ರ ಆಗ್ತದೇನು ಮಮ್ಮಿ?"

ಆಗುತ್ತದೆ ಎಂದಳು ಸುಸನ್ನಾ. ಅವನು ಗೋದಾಮಿಗೆ ರಜೆ ಹೇಳಿ ಹೋದ. ಮೂರು ತಾಸಿನಲ್ಲಿ ಎಲೀನಾ ಸೂಜಿ, ಕನ್ನಡಕದ ಸಮೇತ ಬೈಕಿನ ಹಿಂದಿನಿಂದ ಇಳಿದಳು. ತಪ್ಪು ನನ್ನದೇ, ನಾನೇ ನೋಡಬೇಕಿತ್ತು ಎಂದು ಹೇಳುತ್ತಲೇ ಚಾಪೆಯ ಮೇಲೆ ಕುಳಿತಳು. ಮಹಮೂದಾ, ಎಲೀನಾ, ಫೇತ ಮೂವರೂ ಕೆಂಪು ದಾರ ಬಿಚ್ಚಿದರು, ಸುಸನ್ನಾ ಬಿಳಿ ದಾರದಿಂದ ಮತ್ತೆ ಅಂಚು ಹೊಲಿದಳು. ಪ್ರಿನ್ಸ ಇಸ್ತ್ರಿ ಹಿಡಿದ. ಯಾಕೋಬ ಚಹಾ ಮಾಡಿ ಮಾಡಿ ತಂದ, ಕೇಳದಿದ್ದರೂ ತಂದ. ಕಲೆಯಾದ ಆ ಒಂದರ ಬದಲು ಹೊಸದೊಂದನ್ನು ಕತ್ತರಿಸಿದರು. ಮರುದಿನ ಇಳಿಹೊತ್ತಿಗೆ ಅರವತ್ತು ಜೋಡಿ ಎಣಿಸಿ ಮುಗಿದವು. ಒಂದೊಂದನ್ನೂ ಫೇತ ಕುದಿಯುವ ನೀರಿಗೆ ಹಾಕಿ ತೆಗೆದಿದ್ದಳು.

ಹೇಳಿದ ದಿನಕ್ಕೆ ಸುಸನ್ನಾ, ಯಾಕೋಬ ಇಬ್ಬರೂ ಭಾಲ್ಕಿಗೆ ಹೋದರು. ಮನ್ಮಥಪ್ಪ ಅವರನ್ನು ನೇರವಾಗಿ ಆಸ್ಪತ್ರೆಗೇ ಕರೆದೊಯ್ದ. ಡಾಕ್ಟರಮ್ಮ ಮಾತು ಕಡಿಮೆಯ ಹೆಂಗಸು. ಗಂಟಿನ ನಡುವಿನಿಂದ ಕೈಗೆ ಸಿಕ್ಕ ಐದನ್ನು ಎಳೆದು, ತಿರುವಿ ಹಾಕಿ, ಹೊಲಿಗೆ ಜಗ್ಗಿ, ತನ್ನ ಕೆನ್ನೆಗೆ ಒತ್ತಿಕೊಂಡು ನೋಡಿದಳು. ತೊಳೆದರೆ ಬಣ್ಣ ಬಿಡುತ್ತದೆಯೇ ಎಂದು ಕೇಳಿದಳು. ಬಿಡುವ ದಾರ ಬಂದಿತ್ತು, ಎಲ್ಲ ಬಿಚ್ಚಿ ಮತ್ತೆ ಹೊಲಿದು, ಕುದಿಯುವ ನೀರಿನಲ್ಲಿ ತೊಳೆದು ತಂದಿದ್ದೇವೆ ಎಂದು ಸುಸನ್ನಾ ಇದ್ದದ್ದು ಇದ್ದಂತೆ ಹೇಳಿದಳು. ಡಾಕ್ಟರಮ್ಮ ಐದನ್ನೂ ಮಡಿಸಿ ಗಂಟಿಗೆ ಸೇರಿಸಿದಳು. ಆಮೇಲೆ ಮನ್ಮಥಪ್ಪನಿಗೆ, ಉಳಿದವನ್ನೂ ಇವರಿಂದಲೇ ತರಿಸಿ ಎಂದಳು. ಔರಾದಿನಲ್ಲಿ ತನ್ನ ತಂಗಿಯದೂ ಒಂದು ಆಸ್ಪತ್ರೆ ಇದೆ, ಅಲ್ಲಿಗೂ ನೂರು ಬೇಕಾಗುತ್ತವೆ ಎಂದು ಸೇರಿಸಿದಳು.

ಯಾಕೋಬ ಬಿಲ್ ಪುಸ್ತಕ ತೆಗೆದ. ಅಚ್ಚು ಹಾಕಿಸಿದ ಹೊಸ ಪುಸ್ತಕ. ಕಾರ್ಬನ್ ಇಟ್ಟು, ಮೊದಲ ಬಿಲ್ ಬರೆದು, ಸಹಿಗೆ ಹೆಂಡತಿಯ ಮುಂದೆ ಹಿಡಿದ.

ಅಷ್ಟರಲ್ಲಿ ಪಕ್ಕದ ವಾರ್ಡಿನಿಂದ ಕೂಸಿನ ಅಳು ಜೋರಾಗಿ ಕೇಳಿಸಿತು. ಬಾಗಿಲು ತೆರೆದಿತ್ತು. ಹಳ್ಳಿಯಿಂದ ಬಂದ ಮುದುಕಿಯೊಬ್ಬಳು, ಆ ಗಂಟಿನಿಂದಲೇ ನರ್ಸ್ ಆಗಷ್ಟೇ ಒಯ್ದು ಕೊಟ್ಟ ಕುಂಚಿಗೆಯನ್ನು ಮೊಮ್ಮಗನಿಗೆ ಹೇಗೆ ಕಟ್ಟುವುದೆಂದು ತಿಳಿಯದೆ ಹಿಂದುಮುಂದು ಮಾಡುತ್ತಿದ್ದಳು. ಸುಸನ್ನಾ ಒಳಗೆ ಹೋಗಿ ಕೂಸನ್ನು ಎತ್ತಿಕೊಂಡಳು. ನೆತ್ತಿಯ ಮೇಲೆ ಟೋಪಿ ಇಳಿಸಿ, ಪಟ್ಟಿಯನ್ನು ಎದೆಯ ಮೇಲಿಂದ ತಂದು ಬಗಲಲ್ಲಿ ಸಡಿಲವಾಗಿ ಗಂಟು ಹಾಕಿದಳು. ಕೂಸು ಎರಡು ಸಲ ಬಿಕ್ಕಿ ಸುಮ್ಮನಾಯಿತು.

"ಛಲೋ ಕೈ ಅದವ್ವ ನಿಂದು," ಎಂದಳು ಮುದುಕಿ. "ನೀ ಇಲ್ಲಿ ಸಿಸ್ಟರೇನು?"

ಬಿಲ್ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ ಯಾಕೋಬ ಉತ್ತರ ಕೊಡಲು ಬಾಯಿ ತೆರೆದಿದ್ದ. ಸುಸನ್ನಾ ಅವನಿಗಿಂತ ಮೊದಲೇ ಹೇಳಿದಳು.

"ಅಲ್ರೀ ಅವ್ವ. ಈ ಕುಂಚಿಗಿ ಮಾಡೋ ದಂಧಾ ನಂದು."

ಮುದುಕಿ ಕೂಸನ್ನು ಇಸಿದುಕೊಂಡು, ತನ್ನ ಇನ್ನೊಬ್ಬ ಮಗಳಿಗೂ ಈಗ ಏಳು ತಿಂಗಳು, ಒಂದಕ್ಕೆ ಎಷ್ಟು ಎಂದು ಕೇಳಿದಳು. ಸುಸನ್ನಾ ರೇಟು ಹೇಳಿ, ಅವಳ ಪಕ್ಕದಲ್ಲಿ ಮಂಚದ ಮೇಲೆ ಕುಳಿತು, ಬಿಲ್ಲಿಗೆ ಸಹಿ ಹಾಕಿದಳು.